ಟವೆಲ್ ಕೆಳಗಿನ ಯಜಮಾನ

ಕುರಿ ದಲ್ಲಾಳಿಗೆ ಬೇಕಾದ ಬಂಡವಾಳ ಎರಡೇ. ಒಂದು ಗಂಟಲು, ಇನ್ನೊಂದು ಹೆಗಲ ಮೇಲಿನ ಟವೆಲ್. ಗಂಟಲು ನನಗೆ ಅಪ್ಪನಿಂದ ಬಂದದ್ದು. ಕಳ್ಳಂಬೆಳ್ಳದ ಕೆರೆಯಂಗಳದಲ್ಲಿ ಕುರಿ ಮೇಯಿಸುತ್ತಿದ್ದ ಆತ ಈ ದಡದಲ್ಲಿ ನಿಂತು ಆ ದಡದವನ ಜೊತೆ ಮನೆ ಸಮಾಚಾರ ಮಾತಾಡುತ್ತಿದ್ದ. ನಾನು ಶಿರಾದಲ್ಲಿ ಫೋನ್ ಹಿಡಿದರೆ ಪಾವಗಡದವರಿಗೆ ಫೋನಿಲ್ಲದೆಯೂ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಹೊಗಳಿಕೆ ಅಂತಲೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಟವೆಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಂತೆಗಳಲ್ಲಿ ಮಾರುವವನಾಗಲಿ ಕೊಳ್ಳುವವನಾಗಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತ ನಿಂತವರ ಕಿವಿಗೆ ಅದು ಬೀಳಬಾರದು. ಹಾಗಾಗಿ ಕೈಮೇಲೆ ಟವೆಲ್ ಹೊದಿಸಿಕೊಂಡು, ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಒತ್ತಿ, ಬೆಲೆ ತಿಳಿಸುತ್ತೇವೆ. ಪಾವಗಡದ ಕಡೆಯವರದು ತೆಲುಗು, ಶಿರಾದ ಸಾಬರದು ಉರ್ದು, ನಮ್ಮದು ಈ ಒರಟು ಕನ್ನಡ. ಟವೆಲ್ ಕೆಳಗೆ ಮಾತ್ರ ಎಲ್ಲರದೂ ಒಂದೇ ಭಾಷೆ. ಅಲ್ಲಿ ಏನು ನಡೆದರೂ ಮುಖದಲ್ಲಿ ತೋರಿಸಬಾರದು, ಕೈ ಬೆಚ್ಚಬಾರದು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಎಂದು ಹೇಳಿಕೊಂಡು ತಿರುಗಿದವನು ನಾನು. ಬೇರೆ ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಹೇಳಬೇಕಾಗಿತ್ತು.

ಹೀಗೆ ಹೇಳಿಕೊಳ್ಳುವ ಚಟವೇ ನನ್ನನ್ನು ಇಲಿಯ ಬಾಯಿಗೆ ಕೊಟ್ಟಿತು.

ಮಗಳನ್ನು ಕೊಟ್ಟಿರುವುದು ಮಧುಗಿರಿಗೆ. ಅಳಿಯನದು ಅಲ್ಲಿ ಮೊಬೈಲ್ ಅಂಗಡಿ. ಎರಡನೇ ಬಾಣಂತನಕ್ಕೆ ಮಗಳನ್ನು ಕರೆದುಕೊಂಡು ಬರಲು ಹೋದಾಗ ಅವರ ಮನೆಯಲ್ಲಿ ರಾಮಾಯಣ ನಡೆಯುತ್ತಿತ್ತು. ನನ್ನ ಮೊಮ್ಮಗಳು, ಮೂರನೇ ಕ್ಲಾಸಿನ ಹುಡುಗಿ, ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಅವಳ ಬೆರಳಿಗೆ ಬ್ಯಾಂಡೇಜು. ಪಕ್ಕದಲ್ಲಿ ತಂತಿ ಪಂಜರ. ಪಂಜರದ ಮರದ ಹೊಟ್ಟಿನೊಳಗೆ ಬಾಲವಿಲ್ಲದ, ಬೆಲ್ಲದ ಬಣ್ಣದ ಒಂದು ಮುದ್ದೆ. ಹ್ಯಾಮ್‌ಸ್ಟರ್ ಅಂತ ಅದರ ಜಾತಿಯಂತೆ. ಹುಟ್ಟುಹಬ್ಬಕ್ಕೆ ಅಪ್ಪನೇ ತುಮಕೂರಿನಿಂದ ತಂದುಕೊಟ್ಟದ್ದು. ಹಿಡಿಯಲು ಹೋದಾಗಲೆಲ್ಲ ಕಚ್ಚಿ ಈಗ ರಕ್ತ ಬರಿಸಿತ್ತು.

"ಎಳೇ ಮಗು ಬರೋ ಮನೇಲಿ ಇದು ಬೇಡ ಮಾವ. ಇವತ್ತೇ ತಗೊಂಡೋಗಿ ಅಂಗಡಿಯೋನಿಗೆ ವಾಪಸ್ ಕೊಟ್ಬರ್ತೀನಿ," ಅಂದ ಅಳಿಯ. ಆತ ಕೆಟ್ಟವನಲ್ಲ, ಮಗಳ ಬೆರಳು ನೋಡಿ ಹೆದರಿದ್ದ.

ಮೊಮ್ಮಗಳ ಬಿಕ್ಕು ಹೆಚ್ಚಾಯಿತು. ನನಗೆ ಸುಮ್ಮನಿರಲು ಬರುವುದಿಲ್ಲ.

"ಅಯ್ಯೋ ಬುಡಪ್ಪ! ಗುದ್ದೋ ಟಗರುಗಳನ್ನೇ ಕೈಯಲ್ಲಿ ಮೇವು ತಿನ್ನಂಗೆ ಪಳಗ್ಸಿದೀನಿ, ಇದ್ಯಾವ ಲೆಕ್ಕ? ಕೊಡಿಲ್ಲಿ. ಬಾಣಂತಿ ವಾಪಸ್ ಬರೋ ಹೊತ್ಗೆ ಹೂವಿನಂಗೆ ಮಾಡ್ಕೊಡ್ತೀನಿ."

ಆಣೆ ಪ್ರಮಾಣವೆಲ್ಲ ಆಯಿತು. ಬಾಣಂತಿಯನ್ನು ಕರೆದೊಯ್ಯಲು ಅಳಿಯ ಬಂದ ದಿನ ಇಲಿ ಮೊಮ್ಮಗಳ ಕೈಮೇಲೆ ಕಚ್ಚದೆ ಕೂತರೆ ಅದು ಅವಳ ಜೊತೆ ಮಧುಗಿರಿಗೆ ವಾಪಸ್ಸು. ಕಚ್ಚಿದರೆ ಶಿರಾದಲ್ಲೇ, ನನ್ನ ಮನೆಯಲ್ಲೇ ಕಾಯಂ. ಮೊಮ್ಮಗಳು ಕಣ್ಣು ಒರೆಸಿಕೊಂಡು, "ತಾತ, ನಿಜ್ವಾಗ್ಲೂ ಮಾಡ್ತೀಯಾ?" ಅಂತ ಕೇಳಿದಳು. "ತಾತ ಅಂದ್ರೆ ಏನು ಅಂತ ತಿಳ್ಕಂಡಿದ್ದೀಯ?" ಅಂದೆ. ಅವಳೂ ಪಾಪ, ನಂಬಿಬಿಟ್ಟಳು.

ಮನೆಗೆ ಬಂದ ಮಧ್ಯಾಹ್ನವೇ ಕೆಲಸ ಶುರು ಮಾಡಿದೆ. ಯಾವ ಜೀವ ಕೈಗೆ ಬಂದರೂ ದಲ್ಲಾಳಿ ಮೊದಲು ಮಾಡುವ ಕೆಲಸ ಎರಡು: ಬೆನ್ನು ಅಮುಕಿ ಮಾಂಸ ನೋಡುವುದು, ತುಟಿ ಸರಿಸಿ ಹಲ್ಲು ನೋಡುವುದು. ಹಲ್ಲು ನೋಡಿದರೆ ಕುರಿಯ ವಯಸ್ಸು ಗೊತ್ತಾಗುತ್ತದೆ. ನಿದ್ದೆಯಲ್ಲಿದ್ದ ಇಲಿಯನ್ನು ಹೊಟ್ಟಿನಿಂದ ಎತ್ತಿ, ಎರಡು ಬೆರಳಿನಲ್ಲಿ ಸೊಂಟ ಅಮುಕಿ, ಹೆಬ್ಬೆರಳಿನಿಂದ ತುಟಿ ಎಳೆದೆ. ಹಲ್ಲೇನೋ ಕಂಡಿತು. ಉದ್ದಕ್ಕಿತ್ತು, ಹಳದಿಯಾಗಿತ್ತು. ಮರುಕ್ಷಣ ಅದು ನನ್ನ ಹೆಬ್ಬೆರಳಿನೊಳಗಿತ್ತು.

ನಾನು ಹಾಕಿದ ಕೂಗಿಗೆ ತುಂಬು ಬಸುರಿ ಮಗಳು ಹೊಟ್ಟೆ ಹಿಡಿದುಕೊಂಡು ಓಡಿಬಂದಳು. ಹೆಂಡತಿ ಒನಕೆ ಹಿಡಿದು ಬಂದಳು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಹಾವೇನಾ?" ಅಂತ ಕೇಳಿದರು.

"ಇಲಿ ಕಣಮ್ಮ," ಅಂದಳು ಹೆಂಡತಿ. ಆ ಎರಡು ಮಾತಿನಲ್ಲಿ ನನ್ನ ಅರ್ಧ ಆಯುಷ್ಯದ ಮರ್ಯಾದೆ ಹೋಯಿತು.

ಬೆರಳಿಗೆ ಅರಿಶಿನ ಕಟ್ಟಿಸಿಕೊಂಡು, ಶಾಲೆ ತಪ್ಪಬಾರದೆಂದು ಮಧುಗಿರಿಯಲ್ಲೇ ಉಳಿದಿದ್ದ ಮೊಮ್ಮಗಳಿಗೆ ಫೋನ್ ಮಾಡಿದೆ. "ಮಗಳೇ, ನಿಮ್ಮಪ್ಪಂಗೆ ಅಂಗ್ಡಿಯೋನು ಚೆನ್ನಾಗಿ ಟೋಪಿ ಹಾಕವ್ನೆ. ಇದು ಮುದಿ ಮಾಲು. ಹಲ್ಲು ನೋಡ್ದೆ, ಹಳದಿಗೆ ತಿರ್ಗವೆ, ಎಷ್ಟುದ್ದ ಬೆಳ್ದವೆ."

"ತಾತ, ಅವುಕ್ಕೆ ಹಲ್ಲು ಹಂಗೇ ಇರೋದು. ಅದು ಇನ್ನೂ ಮರಿ," ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಿಂಗೂ ಕಚ್ತಾ?" ಅಂತ ಕೇಳಿದಳು. ನಾನು ಸಿಗ್ನಲ್ ಇಲ್ಲ ಅಂತ ಹೇಳಿ ಫೋನ್ ಇಟ್ಟೆ.

ಆಮೇಲಿನ ದಿನಗಳಲ್ಲಿ ನನಗೆ ಗೊತ್ತಿದ್ದ ಉಪಾಯವೆಲ್ಲ ಮಾಡಿದೆ. ಕುರಿ ಕರೆಯುವ ಹಾಗೆ ನಾಲಿಗೆ ಹೊರಳಿಸಿ "ಹುರ್ರ್ ಹುರ್ರ್" ಅಂದೆ. ಇಲಿ ಹೊಟ್ಟಿನೊಳಗೆ ಇನ್ನೂ ಆಳಕ್ಕೆ ಇಳಿಯಿತು. ಅನ್ನದ ಋಣ ಹುಟ್ಟಲಿ ಅಂತ ರಾಗಿಮುದ್ದೆಯ ತುಣುಕು ಇಟ್ಟೆ. ಮುಟ್ಟಲಿಲ್ಲ, ಆದರೆ ತುಳಿದು ಕಾಲಿಗೆಲ್ಲ ಮೆತ್ತಿಕೊಂಡಿತು. ಹಗಲೆಲ್ಲ ಸತ್ತ ಹಾಗೆ ಮಲಗುತ್ತಿತ್ತು. ಕಾಯಿಲೆ ಇರಬೇಕೆಂದು ಪಂಜರ ಅಲ್ಲಾಡಿಸಿ ಎಬ್ಬಿಸುತ್ತಿದ್ದೆ. ಎದ್ದು ಮೂಲೆಗೆ ಒತ್ತಿಕೊಂಡು ನಿಲ್ಲುತ್ತಿತ್ತು, ಪಕ್ಕೆಗಳು ಅದುರುತ್ತಿದ್ದವು. "ಯಾಕ್ಲಾ ನಡುಗ್ತೀಯ? ನಿನ್ನೇನು ಕುಯ್ತೀನಾ?" ಅಂತ ನಾನು ಪ್ರೀತಿಯಿಂದಲೇ ಕೇಳುತ್ತಿದ್ದೆ. ನನ್ನ ಪ್ರೀತಿ ಬೀದಿಯ ಆ ತುದಿಯವರೆಗೂ ಕೇಳಿಸುತ್ತಿತ್ತು.

"ಅದು ಕತ್ಲಲ್ಲಿ ಓಡಾಡೋ ಪ್ರಾಣಿ ಅಪ್ಪಾ. ಹಗಲೊತ್ತು ಮಲಗ್ಲಿ ಬುಡು," ಅಂದಳು ಮಗಳು. ಅದನ್ನು ಮೊದಲೇ ಹೇಳಬಾರದಿತ್ತೇ ಅಂತ ಅವಳ ಮೇಲೆ ರೇಗಿದೆ. "ನಿಮಗೆ ಯಾರು ಏನು ಹೇಳಕಾಗ್ತದೆ?" ಅಂತ ಹೆಂಡತಿ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು.

ಮೊಮ್ಮಗ ಹುಟ್ಟಿದ. ಮನೆಯಲ್ಲಿ ಬೆಳ್ಳುಳ್ಳಿ, ಸಾಂಬ್ರಾಣಿ ವಾಸನೆ ತುಂಬಿತು. ನನ್ನನ್ನೂ ಇಲಿಯನ್ನೂ ಪಡಸಾಲೆಗೆ ಹಾಕಿದರು. ಬಾಣಂತಿ ಕೋಣೆಯಲ್ಲಿ ಮಗು ಮಲಗಿದಾಗ ನಾನು ಮಾತಾಡುವ ಹಾಗಿರಲಿಲ್ಲ. ಇಲಿ ಮಲಗಿದಾಗಲೂ ಮಾತಾಡುವ ಹಾಗಿರಲಿಲ್ಲ. ಇಬ್ಬರೂ ಒಟ್ಟಿಗೆ ಎಚ್ಚರವಿದ್ದ ಹೊತ್ತೇ ಕಡಿಮೆ. ಮನೆಯಲ್ಲಿ ಎಲ್ಲರೂ ಇಲಿಯ ಹೊತ್ತು ನೋಡಿಕೊಂಡು ನಡೆಯಬೇಕಾಗಿ ಬಂದದ್ದರಿಂದ ನಾನು ಅದಕ್ಕೆ ಯಜಮಾನ ಅಂತ ಹೆಸರಿಟ್ಟೆ. ಮೊಮ್ಮಗಳು ಇಟ್ಟಿದ್ದ ಇಂಗ್ಲಿಷ್ ಹೆಸರು ನನ್ನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಯಜಮಾನರ ಗದ್ದ ಬಾತುಕೊಂಡಿತ್ತು. ಎರಡೂ ಕಡೆ, ಕುತ್ತಿಗೆಯವರೆಗೆ. ಕೆರೆಯಂಚಿನ ತೇವದ ಹುಲ್ಲು ತಿಂದ ಕುರಿಗಳಿಗೆ ಹೀಗೇ ಗದ್ದ ಬಾಯುತ್ತದೆ. ಒಳಗೆ ಜಂತು ಸೇರಿಕೊಂಡಿರುತ್ತದೆ, ಮದ್ದು ತಡವಾದರೆ ಕುರಿ ಉಳಿಯುವುದಿಲ್ಲ. ನಾನು ಅಂಗಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಪಂಜರ ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿ ಸಾಲಿನಲ್ಲಿ ಕುರಿ, ಮೇಕೆ, ಒಂದು ಎಮ್ಮೆ. "ಅರ್ಜೆಂಟು, ಅರ್ಜೆಂಟು, ದಾರಿ ಬುಡಿ!" ಅಂತ ಕೂಗಿಕೊಂಡು ಎಲ್ಲರನ್ನೂ ದಾಟಿ ಡಾಕ್ಟರಮ್ಮನ ಮೇಜಿನ ಮೇಲೆ ಪಂಜರ ಇಟ್ಟು, "ಗದ್ದ ಬಾವು ಮೇಡಂ, ಜಂತಿನ ಔಷ್ದಿ ಹಾಕಿ," ಅಂದೆ. ರೋಗ ಹೇಳಿದವನೂ ನಾನೇ, ಔಷಧಿ ಹೇಳಿದವನೂ ನಾನೇ.

ಆ ಹೆಣ್ಣುಮಗಳು ನಗು ತಡೆದುಕೊಂಡಿದ್ದು ದೊಡ್ಡದು. "ಒಂದ್ನಿಮಿಷ ಸುಮ್ನಿರಿ," ಅಂದರು. ಎಲ್ಲರೂ ಕತ್ತು ಚಾಚಿ ನೋಡುತ್ತ ಸುಮ್ಮನಾದೆವು. ಯಜಮಾನರು ಒಂದು ಮೂಲೆಗೆ ಹೋಗಿ, ಮುಂಗಾಲುಗಳಿಂದ ಕೆನ್ನೆ ಒತ್ತಿಕೊಂಡು, ಕಡಲೆಬೀಜ, ನವಣೆ, ಮತ್ತೆ ಕಡಲೆಬೀಜ, ಹಿಂದಿನ ಸಂಜೆ ನಾನು ಕೊಟ್ಟದ್ದನ್ನೆಲ್ಲ ಬಾಯಿಂದ ಉದುರಿಸಿದರು. ಗದ್ದದ ಬಾವು ಇಳಿದುಹೋಯಿತು. ಅದು ಅವರ ಉಗ್ರಾಣವಂತೆ. ತಿನ್ನುವುದನ್ನು ಕೆನ್ನೆಯಲ್ಲಿ ತುಂಬಿಕೊಂಡು ಹೋಗಿ ಬೇರೆ ಕಡೆ ಇಡುವುದು ಆ ಜಾತಿಯ ಅಭ್ಯಾಸವಂತೆ.

ಸುದ್ದಿ ನನಗಿಂತ ಮೊದಲು ಸಂತೆ ತಲುಪಿತ್ತು. ನನ್ನ ಹಳೆಯ ಗಿರಾಕಿ ಒಬ್ಬ ಭಾಯ್ ಇದ್ದಾನೆ, ಶಿರಾದಲ್ಲಿ ಕುರಿ ವ್ಯಾಪಾರ ಅವನದು. ನಾವಿಬ್ಬರೂ ಟವೆಲ್ ಕೆಳಗೆ ಕೈ ಹಿಡಿದುಕೊಂಡಷ್ಟು ನಮ್ಮ ಹೆಂಡಿರ ಕೈ ಹಿಡಿದಿಲ್ಲ. ಅವನು ಎಲ್ಲರ ಎದುರಿಗೆ, "ಅರೇ ಅಣ್ಣಾ, ಗದ್ದ ಹೆಂಗೈತೆ ಇವಾಗ?" ಅಂತ ಕೇಳಿದ. ಆವತ್ತಿಡೀ ಕುರಿಗಳು ಕೂಗಿದ್ದಕ್ಕಿಂತ ಹೆಚ್ಚಾಗಿ ಜನ ನಕ್ಕರು. ನಾನು ಬಾಯಿಗೆ ಬಂದದ್ದು ಬೈದೆ. ಬೈದಷ್ಟೂ ಅವರಿಗೆ ಖುಷಿ.

ಕೊನೆಗೆ ಯಜಮಾನರು ನನಗೆ ದಕ್ಕಿದ್ದು ಯಾವ ಜಾಣತನದಿಂದಲೂ ಅಲ್ಲ, ಹೆದರಿಕೆಯಿಂದ. ಸಂತೆ ದಿನ ನಾನು ಕೋಳಿ ಕೂಗುವ ಮೊದಲೇ ಏಳುತ್ತೇನೆ. ಅವರು ಓಡಾಟ ಮುಗಿಸಿ ಮಲಗುವ ಹೊತ್ತೂ ಅದೇ. ಅಂದು ನೀರಿನ ಬಟ್ಟಲು ತೆಗೆಯಬೇಕಿತ್ತು. ಹೆಬ್ಬೆರಳಿನ ಗಾಯ ಆಗತಾನೆ ಮಾಗಿತ್ತು. ಕಚ್ಚಿಯಾರು ಅಂತ ಹೆಗಲ ಟವೆಲನ್ನು ಕೈಮೇಲೆ ಹೊದಿಸಿಕೊಂಡು ಪಂಜರದೊಳಗೆ ಕೈ ಹಾಕಿದೆ. ಮನೆಯವರೆಲ್ಲ ಮಲಗಿದ್ದರಿಂದ ಬಾಯಿಯೂ ಮುಚ್ಚಿತ್ತು. ಅವರು ಬಂದರು. ಟವೆಲಿನ ಅಂಚು ಮೂಸಿದರು. ಮೂತಿ ತೂರಿಸಿ ಒಳಗೆ ನುಸುಳಿದರು. ನನ್ನ ಅಂಗೈಮೇಲೆ ತಣ್ಣಗಿನ ನಾಲ್ಕು ಪುಟ್ಟ ಕಾಲು.

ಅಲ್ಲಿ ನನ್ನ ಕಸುಬು ಕೈ ಹಿಡಿಯಿತು. ಟವೆಲ್ ಕೆಳಗೆ ಏನು ನಡೆದರೂ ಕೈ ಬೆಚ್ಚಬಾರದು. ಬೆಚ್ಚಲಿಲ್ಲ. ಅವರು ನನ್ನ ಕಿರುಬೆರಳನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು, ಆಮೇಲೆ ಉಂಗುರದ ಬೆರಳು, ಆಮೇಲೆ ನಡುಬೆರಳು. ಬೆಲೆ ಕೇಳುತ್ತಿದ್ದಾರೇನೋ ಅನ್ನಿಸಿ ನಗು ಬಂತು. ನಗಲಿಲ್ಲ. ಅಂಗೈ ನಡುವೆ ಸುತ್ತಿಕೊಂಡು ಕೂತರು. ನನಗೆ ಬಸ್ ತಪ್ಪಿತು. ಬಸ್ಸಿನ ಮನೆ ಹಾಳಾಗಲಿ ಅನ್ನಿಸಿತು.

ಅಲ್ಲಿಂದ ಮುಂದೆ ಅದು ನಮ್ಮಿಬ್ಬರ ಪದ್ಧತಿಯಾಯಿತು. ಸಂತೆ ಇರಲಿ ಬಿಡಲಿ, ನಸುಕಿನಲ್ಲಿ ಎದ್ದು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ, ಟವೆಲ್ ಹೊದಿಸಿದ ಕೈ ಚಾಚಿ ಕೂರುತ್ತಿದ್ದೆ. ಬರಿಗೈ ತೋರಿಸಿದರೆ ಬರುತ್ತಿರಲಿಲ್ಲ, ಬೇರೆ ಟವೆಲ್ ಹಾಕಿದರೂ ಬರುತ್ತಿರಲಿಲ್ಲ. ಕುರಿ ವಾಸನೆಯ ಈ ಹಳೆಯ ಟವೆಲೇ ಆಗಬೇಕು. ಮೆಲ್ಲಗೆ ಮಾತಾಡಲೂ ಕಲಿತೆ. ಕೆರೆಯಲ್ಲಿ ನೀರು ಎಷ್ಟಿದೆ, ಮಿಡಿಗೇಶಿ ಕಡೆಯಿಂದ ಎಂಥ ಕುರಿ ಬಂದವು, ಮೊಮ್ಮಗ ಎಷ್ಟು ಅತ್ತ, ಎಲ್ಲ ಹೇಳುತ್ತಿದ್ದೆ. ಒಂದು ದಿನ ತಲೆಯೆತ್ತಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಮದ್ವೆಯಾದಾಗಿಂದ ನನ್ನತ್ರ ಒಂದಿನ ಇಷ್ಟು ಮೆತ್ತಗೆ ಮಾತಾಡಿಲ್ಲವಲ್ರೀ," ಅಂದಳು.

ತಮಾಷೆಗೆ ಅಂದದ್ದು. "ಕಾಫಿ ಕೊಡ್ತೀಯಾ?" ಅಂತ ಆದಷ್ಟು ಮೆತ್ತಗೆ ಕೇಳಿದೆ. "ಜ್ವರ ಗಿರ ಬಂದೈತಾ?" ಅಂತ ಅವಳು ಹಣೆ ಮುಟ್ಟಿ ನೋಡಿದಳು.

ಯಜಮಾನರು ಟವೆಲಿಗೆ ಬಾಡಿಗೆಯನ್ನೂ ವಸೂಲಿ ಮಾಡುತ್ತಿದ್ದರು. ಕೂತಲ್ಲೇ ಅದನ್ನು ಕಡಿದು ತೂತು ಮಾಡಿದ್ದನ್ನು ನಾನು ನೋಡಿಕೊಂಡಿರಲಿಲ್ಲ. ಸಂತೆಯಲ್ಲಿ ಭಾಯ್ ಜೊತೆ ಒಂದು ಜೋಡಿ ಟಗರಿಗೆ ಟವೆಲ್ ಹಾಕಿ ಕೈ ಹಿಡಿದೆವು. ಅವನು ನನ್ನ ಬೆರಳು ಹಿಡಿದು ಮೇಲೆತ್ತಿ ಒತ್ತಿದ. ಹಿಡಿದ ಬೆರಳುಗಳು ಟವೆಲಿನ ತೂತಿನಿಂದ ಹೊರಗೆ ಬಂದವು. ಗುಟ್ಟಿನ ಬೆಲೆ ಇಡೀ ಸಂತೆಗೆ ಕಾಣಿಸಿತು. ಪಾವಗಡದ ಕಡೆಯ ಒಬ್ಬ, "ಏಮಣ್ಣಾ, ಕಿಟಿಕೀ ಪೆಟ್ಟಿಂಚಾವಾ?" ಅಂದ, ಕಿಟಕಿ ಇಡಿಸಿದ್ದೀಯಾ ಅಂತ. ಭಾಯ್ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಮೊಳೆಗೆ ಸಿಕ್ಕಿ ಹರಿಯಿತು ಅಂತ ಸಾಧಿಸಿದೆ. "ಮೊಳೆಗೆ ಗದ್ದ ಬಾತಿತ್ತಾ ಅಣ್ಣಾ?" ಅಂದ ಭಾಯ್.

ಸಂತೆಗೆ ಹೊಸ ಟವೆಲ್ ಕೊಂಡೆ. ಹಳೆಯದು ಯಜಮಾನರಿಗೇ ಮೀಸಲಾಯಿತು.

ಮೊಮ್ಮಗಳು ಸಂಜೆಯ ಹೊತ್ತು ವಿಡಿಯೊ ಕಾಲ್ ಮಾಡುತ್ತಿದ್ದಳು. ತಮ್ಮನನ್ನು ನೋಡಿಯಾದ ಮೇಲೆ ನನ್ನನ್ನು ಕರೆಯುತ್ತಿದ್ದಳು. "ತಾತ, ಇನ್ನೂ ಕಚ್ಚತ್ತಾ?" ಮೊದಮೊದಲು ನಾನು "ಸ್ವಲ್ಪ ತಡಿ ಕಣವ್ವ," ಅನ್ನುತ್ತಿದ್ದೆ. ಕಚ್ಚುವುದು ನಿಂತ ಮೇಲೂ ಬಾಯಿಂದ ಅದೇ ಬಂತು. "ನೋಡಾಣ, ಇನ್ನೂ ಹೇಳಕಾಗಲ್ಲ." ಪರದೆಯ ಮೇಲೆ ಅವಳ ಮುಖ ಸಣ್ಣದಾಗುತ್ತಿತ್ತು. ಅಂಥ ಹೊತ್ತಲ್ಲಿ ನಾನು ಫೋನನ್ನು ಮಗುವಿನ ಕಡೆ ತಿರುಗಿಸುತ್ತಿದ್ದೆ.

ದಲ್ಲಾಳಿ ಕೈಯಲ್ಲಿ ಎಷ್ಟು ಸಾವಿರ ಜೀವ ಹಾದುಹೋಗಿದ್ದರೂ ಅವನದು ಅಂತ ಒಂದೂ ಇರುವುದಿಲ್ಲ. ಮಾರುವವನ ಕೈಯಿಂದ ಕೊಳ್ಳುವವನ ಕೈಗೆ ದಾಟಿಸಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುವುದು ನನ್ನ ಕೆಲಸ. ಅಪ್ಪನ ಮಂದೆ ಕರಗಿದ ಮೇಲೆ ನನಗಾಗಿ ಎದ್ದು ಬರುವ ಪ್ರಾಣಿ ಮನೆಯಲ್ಲಿ ಇರಲಿಲ್ಲ. ಈಗ ಒಂದು ಇತ್ತು, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಕಚ್ಚುತ್ತದೆ ಅಂದುಬಿಟ್ಟರೆ ಸಾಕು, ಒಪ್ಪಂದದ ಪ್ರಕಾರ ನನ್ನದೇ. ಮೂರನೇ ಕ್ಲಾಸಿನ ಹುಡುಗಿಯ ಜೊತೆ ಪೈಪೋಟಿಗೆ ಬಿದ್ದ ಮುದುಕ ಇನ್ನೆಲ್ಲಾದರೂ ಇದ್ದರೆ ಅವನಿಗೆ ನನ್ನ ಕಷ್ಟ ಅರ್ಥವಾದೀತು.

ಹೆಂಡತಿಗೆ ಎಲ್ಲ ಗೊತ್ತಿತ್ತು. ಅಳಿಯ ಬರುವ ಹಿಂದಿನ ದಿನ ಹಾಲು ಕಾಯಿಸುತ್ತ, ನನ್ನ ಕಡೆ ನೋಡದೆ ಹೇಳಿದಳು: "ಆ ಕೂಸು ನಿಮ್ಮನ್ನ ನಂಬ್ಕಂಡು ಕುಂತೈತೆ. ಸಂತೆ ಬುದ್ಧಿ ಸಂತೇಲೇ ಇರ್ಲಿ."

"ನಾನೇನು ಮಾಡ್ದೆ ಇವಾಗ?" ಅಂತ ಕೂಗಿದೆ. ಪಂಜರದಲ್ಲಿ ಹೊಟ್ಟು ಸರಸರ ಅಂದಿತು. ಅಯ್ಯೋ ಅನ್ನಿಸಿ ಬಾಯಿ ಮುಚ್ಚಿಕೊಂಡೆ.

ಅಳಿಯ ಮಧ್ಯಾಹ್ನ ಕಾರು ಮಾಡಿಕೊಂಡು ಬಂದ. ಜೊತೆಯಲ್ಲಿ ಮೊಮ್ಮಗಳು. ಎಳೆ ಮಗುವನ್ನು ಹೊತ್ತು ಮುಳುಗಿದ ಮೇಲೆ ಹೊರಗೆ ಕರೆದೊಯ್ಯುವುದಿಲ್ಲ, ಬೆಳಕಿರುವಾಗಲೇ ಮಧುಗಿರಿ ಸೇರಬೇಕು. ಊಟವಾಯಿತು, ಮಡಿಲು ತುಂಬಿದ್ದಾಯಿತು. ಮೊಮ್ಮಗಳು ಸರಿಯಾಗಿ ಉಣ್ಣಲಿಲ್ಲ. ಕಚ್ಚಿಸಿಕೊಂಡಿದ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡು ಪಂಜರದ ಮುಂದೆ ಕೂತಿದ್ದಳು.

"ಎಲ್ಲಿ ಮಾವ, ತೋರ್ಸಿ ಮತ್ತೆ," ಅಂದ ಅಳಿಯ.

ನಡುಹಗಲು. ಯಜಮಾನರು ಗಾಢ ನಿದ್ದೆಯಲ್ಲಿದ್ದರು. ಆ ಹೊತ್ತಿನಲ್ಲಿ ಎಬ್ಬಿಸಿ, ಬೆಳಕಲ್ಲಿ, ಇಷ್ಟು ಜನರ ಮುಂದೆ ಅವಳ ಕೈಗೆ ಇಟ್ಟರೆ ಖಂಡಿತ ಕಚ್ಚುತ್ತಾರೆ. ನಾನು ಸುಳ್ಳು ಹೇಳಬೇಕಾಗಿರಲಿಲ್ಲ, ಏನೂ ಮಾಡಬೇಕಾಗಿರಲಿಲ್ಲ. ಅಳಿಯ ಕೇಳಿದ್ದನ್ನು ಕೇಳಿದ ಹಾಗೇ ಮಾಡಿದರೆ ಸಾಕು. ಪಂಜರದ ಬಾಗಿಲಿಗೆ ಕೈ ಹಾಕಿದೆ. ಮೊಮ್ಮಗಳು ನನ್ನ ಮುಖ ನೋಡಿದಳು, "ತಾತ, ಅದು ಕಚ್ಚಿದ್ರೂ ನೀನು ಬೈಬೇಡ ಅದುಕ್ಕೆ," ಅಂದಳು.

ನನ್ನ ಹಾಳು ಬುದ್ಧಿ ಇಳಿಯಲು ಅಷ್ಟು ಸಾಕಾಯಿತು. "ಬಾಗ್ಲು ಹಾಕಿ," ಅಂದೆ. "ಕಿಟಕೀನೂ ಹಾಕಿ. ಯಾರೂ ಉಸಿರೆತ್ತಬ್ಯಾಡಿ."

ಪಡಸಾಲೆ ಕತ್ತಲಾಯಿತು. ಅಳಿಯ ಏನೋ ಹೇಳಲು ಹೋದ. ಹೆಂಡತಿ "ಶ್" ಅಂದಳು. ಮಗುವನ್ನು ಎತ್ತಿಕೊಂಡಿದ್ದ ಮಗಳು ತೊಟ್ಟಿಲು ತೂಗುವ ಹಾಗೆ ನಿಂತಲ್ಲೇ ತೂಗತೊಡಗಿದಳು. ಗೂಟದಿಂದ ಹಳೆಯ ಟವೆಲ್ ತೆಗೆದು ಕೈಮೇಲೆ ಹೊದಿಸಿಕೊಂಡು ಪಂಜರದ ಮುಂದೆ ಕೂತೆ. ನಾವೆಲ್ಲ ಕಾದೆವು. ಜೀವಮಾನದಲ್ಲಿ ನಮ್ಮ ಮನೆ ಅಷ್ಟು ಹೊತ್ತು ಸದ್ದಿಲ್ಲದೆ ಇದ್ದದ್ದಿಲ್ಲ. ಹೊಟ್ಟು ಅಲ್ಲಾಡಿತು. ಯಜಮಾನರು ಮೂತಿ ಹೊರಗೆ ಹಾಕಿದರು, ನಿಂತರು, ಮೂಸಿದರು, ಆಮೇಲೆ ದಿನವೂ ಬರುವ ಹಾಗೆ ಬಂದು ನನ್ನ ಅಂಗೈ ಏರಿದರು. ನಾನು ಕೈಯನ್ನು ನಿಧಾನಕ್ಕೆ ಹೊರಗೆ ತಂದೆ.

"ಈ ಕಡೆಯಿಂದ ಕೈ ಹಾಕವ್ವ," ಅಂತ ಪಿಸುಗುಟ್ಟಿದೆ. "ನನ್ ಕೈಗೆ ಒತ್ತಿಟ್ಕ. ಅಲ್ಲಾಡಬ್ಯಾಡ. ನಾನಿದೀನಿ."

ಅವಳ ಎರಡೂ ಕೈ ಟವೆಲಿನೊಳಗೆ ಬಂದವು. ನನ್ನ ಹೆಬ್ಬೆರಳು ಸಿಕ್ಕಿದ ಕೂಡಲೇ ಒಂದು ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡಳು, ಹಲ್ಲಿನ ಗುರುತಿದ್ದ ಅದೇ ಹೆಬ್ಬೆರಳು. ಯಜಮಾನರ ಸೊಂಟದ ಹತ್ತಿರ ನನ್ನ ನಡುಬೆರಳಿತ್ತು. ಒಂದಿಷ್ಟು ಅಮುಕಿದರೆ ಮುಗಿಯಿತು, ಎಲ್ಲಿ ಅಮುಕಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಮುಕಲಿಲ್ಲ. ಬೆರಳು ಅಲ್ಲಿಂದ ತೆಗೆದೆ. ಅವರು ಅವಳ ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ನೋಡಿದರು. ನನ್ನ ಅಂಗೈ ಮೇಲಿನ ಭಾರ ಮೊದಲು ಅರ್ಧವಾಯಿತು, ಆಮೇಲೆ ಇಲ್ಲವಾಯಿತು.

"ತಾತಾ," ಅಂದಳು ಉಸಿರಿನಲ್ಲೇ, "ಕಾಲು ತಣ್ಣಗವೆ."

"ಕಚ್ತಾ?" ಅಂತ ಅಳಿಯನೂ ಪಿಸುದನಿಯಲ್ಲೇ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವಳ ಅಜ್ಜಿ ಸೆರಗಿನಲ್ಲಿ ಒರೆಸಿದಳು. ನನಗೆ ಯಾರೂ ಒರೆಸಲಿಲ್ಲ. ನನ್ನ ಮುಖದಲ್ಲಿ ಏನೂ ತೋರುವುದಿಲ್ಲ ಅಂತ ಎಲ್ಲರೂ ನಂಬಿದ್ದರು.

ಕಾರು ಹೋಯಿತು. ಪಡಸಾಲೆಯಲ್ಲಿ ಒಂದಿಷ್ಟು ಮರದ ಹೊಟ್ಟು ಬಿದ್ದಿತ್ತು. ಗುಡಿಸಬೇಡ ಅಂದೆ, ಹೆಂಡತಿ ಗುಡಿಸಿದಳು. ನಸುಕಿನಲ್ಲಿ ಎಚ್ಚರವಾಗುವುದು ತಪ್ಪಲಿಲ್ಲ. ಎದ್ದು ಕೂರುತ್ತಿದ್ದೆ, ಮೆಲ್ಲಗೆ ಮಾತಾಡಲು ಯಾರೂ ಇರಲಿಲ್ಲ. ಕಾಫಿ ಬರುವವರೆಗೆ ಹೆಂಡತಿಯ ಜೊತೆಯೇ ಮಾತಾಡುವುದು ರೂಢಿಯಾಯಿತು. ಅವಳಿಗೂ ಕೆರೆ ನೀರಿನ ಸಮಾಚಾರ ಬೇಕಾಗಿತ್ತಂತೆ, ಇಷ್ಟು ವರ್ಷ ಹೇಳಿಯೇ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ಮೊಮ್ಮಗಳ ಫೋನು. "ತಾತ, ಅದು ಕಚ್ಚಲ್ಲ. ಆದ್ರೆ ಬರೋದೂ ಇಲ್ಲ. ನನ್ ಟವೆಲ್ ಹಾಕ್ದೆ, ಅಪ್ಪನ್ ಟವೆಲ್ ಹಾಕ್ದೆ. ಮೂಸಿ ಮೂಸಿ ವಾಪಸ್ ಹೋಗತ್ತೆ. ನಿನ್ ಹಳೇ ಟವೆಲ್ ಕಳ್ಸ್ತೀಯಾ?"

"ಬಸ್ ಕಂಡಕ್ಟರ್ ಕೈಲಿ ಕೊಟ್ ಕಳ್ಸಿ," ಅಂದಳು ಹೆಂಡತಿ. ಕಳೆದುಹೋದರೆ ಅಂತ ನಾನೇ ಹೊರಟೆ. ಮಾರನೆಯ ದಿನ ಮಧುಗಿರಿ ಸಂತೆ ಇತ್ತು, ನೆಪಕ್ಕೆ ಕೊರತೆಯಿರಲಿಲ್ಲ. ಹಿಂದಿನ ಸಂಜೆಯೇ ಹೋಗಿ ಉಳಿದು, ನಸುಕಿನಲ್ಲಿ ಅವಳನ್ನು ಎಬ್ಬಿಸಿದೆ. ಟವೆಲನ್ನು ಅವಳ ಕೈಮೇಲೆ ನಾನೇ ಹೊದಿಸಿದೆ. ತೂತು ಕೆಳಗೆ ಬರುವ ಹಾಗೆ ಮಡಚುವುದನ್ನು ತೋರಿಸಿಕೊಟ್ಟೆ. ಯಜಮಾನರು ಬಂದರು, ಅಂಚು ಮೂಸಿದರು, ತಡಮಾಡದೆ ಒಳಗೆ ಹೋದರು. ನಾನು ಕೈ ಹಾಕಲಿಲ್ಲ. ಹಾಕಿದ್ದರೆ ನನ್ನ ಕಡೆ ಬರುತ್ತಿದ್ದರೋ ಇಲ್ಲವೋ ತಿಳಿಯದು. ಬಾರದಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಬಂದಿದ್ದರೆ ಆ ಹುಡುಗಿಗೆ. ಟವೆಲ್ ಅಲ್ಲೇ ಬಿಟ್ಟು ಸಂತೆಗೆ ನಡೆದೆ.

ಭಾಯ್ ಆಗಲೇ ಬಂದಿದ್ದ. ನನ್ನ ಹೆಗಲ ಮೇಲಿನ ಹೊಸ ಟವೆಲ್ ಮುಟ್ಟಿ ನೋಡಿ, "ಕಿಟಕಿ ಇದ್ದಿದ್ದು ಎಲ್ಲೋಯ್ತು ಅಣ್ಣಾ?" ಅಂದ.

"ಕೊಟ್ಬುಟ್ಟೆ," ಅಂದೆ.

"ಇಲೀನೂ?"

"ಇಲೀನೂ."

ಭಾಯ್ ನಗುತ್ತ ಕೈ ಚಾಚಿ, "ಎಷ್ಟಕ್ಕೆ ಕೊಟ್ಟೆ? ನಂಗಾದ್ರೂ ಹೇಳು," ಅಂದ. ನಾನು ಹೊಸ ಟವೆಲ್ ಎಳೆದು ಇಬ್ಬರ ಕೈಮೇಲೂ ಹೊದಿಸಿ ಅವನ ಕೈ ಹಿಡಿದೆ. ಯಾವ ಬೆರಳು ಒತ್ತಬೇಕೋ ತಿಳಿಯಲಿಲ್ಲ. ಸುಮ್ಮನೆ ಹಿಡಿದುಕೊಂಡೇ ನಿಂತೆ. ಬೆರಳು ಒತ್ತುತ್ತೇನೆಂದು ಭಾಯ್ ಕಾದ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಕುರಿ ನೋಡಲು ಬಂದವನೊಬ್ಬ ಬೆಲೆ ಏನಾಯಿತು ಅಂತ ಕೇಳಿದ. "ತಡಿ ಮಾರಾಯ, ಇನ್ನೂ ನಡೀತೈತೆ," ಅಂದ ಭಾಯ್, ಕೈ ಬಿಡಿಸಿಕೊಳ್ಳದೆ.